ಎಡ ಎದೆಯ ಪದಕ

ಆ ಕಾಗದವನ್ನು ಡೈರಿಯೊಳಗೆ ಬಚ್ಚಿಟ್ಟು ಮೂರು ತಿಂಗಳಾಗಿತ್ತು. ಬಚ್ಚಿಡುವುದೂ ಸುಳ್ಳು ಹೇಳಿದ ಹಾಗೆಯೇ ಅಲ್ಲವೇ ಎಂದು ಕಾನ್‌ಸ್ಟೇಬಲ್ ಸುಲಭಾ ಪಿಸಾಳ ದಿನವೂ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಅಜ್ಜನ ಸೇವಾ ದಾಖಲೆ ಬೇಕೆಂದು ಸೈನ್ಯದ ಕಚೇರಿಗೆ ಬರೆದವಳು ಅವಳೇ. ಬಂದ ಉತ್ತರವನ್ನು ಮಾತ್ರ ಯಾರಿಗೂ ತೋರಿಸಿರಲಿಲ್ಲ.

ಡಿಸೆಂಬರ್ 14, ಬೆಳಿಗ್ಗೆ 10.20. ಸುಲಭಾ ಕೆಲಸ ಮಾಡುತ್ತಿದ್ದ ಸಾತಾರಾ ಜಿಲ್ಲೆಯ ಠಾಣೆಗೆ ತಾರಾಬಾಯಿ ಘಾಡಗೆ ಬಂದರು. ಎಪ್ಪತ್ತೊಂದರ ಯುದ್ಧದಲ್ಲಿ ಗಾಯಗೊಂಡಿದ್ದ ದಿವಂಗತ ನಾಯಕ್ ಬಾಜೀರಾವ್ ಅವರ ಹೆಂಡತಿ.

“ಟ್ರಂಕಿನಲ್ಲಿದ್ದ ನಮ್ಮವರ ಗಾಯದ ಪದಕ ಇಲ್ಲ ಸಾಹೇಬ್ರೆ. ನಾಡಿದ್ದು ವಿಜಯ ದಿನ. ಏನು ಹಾಕ್ಕೊಂಡು ಸ್ಮಾರಕದ ಮುಂದೆ ನಿಲ್ಲಲಿ?”

ಇನ್‌ಸ್ಪೆಕ್ಟರ್ ಧುಮಾಳ ಎಫ್‌ಐಆರ್ ಬರೆಸಿದರು.

“ಬೀಗ ಒಡೆದಿದೆಯಾ?”

“ಇಲ್ಲ.”

“ಟ್ರಂಕು ಯಾರ್ಯಾರು ಮುಟ್ತಾರೆ?”

“ನಾನು, ಬಿಟ್ರೆ ಯಶವಂತ ಭಾವ. ವರ್ಷಾವರ್ಷಾ ಪದಕ ತಿಕ್ಕಿ ಕೊಡೋರು ಅವರೇ. ಈ ಪೋರಿಯ ಆಬಾ.”

ದೂರು ಬರೆದುಕೊಳ್ಳುತ್ತಿದ್ದ ಸುಲಭಾಳ ಪೆನ್ನು ಅಜ್ಜನ ಹೆಸರಿಗೆ ಬಂದು ನಿಂತಿತು.

“ಬೇರೆಯವರನ್ನ ಕರ್ಕೊಂಡು ಹೋಗ್ಲೇನಮ್ಮಾ?” ಧುಮಾಳ ಕೇಳಿದರು.

“ನಾನೇ ಬರ್ತೀನಿ ಸರ್.”

ಈ ವರ್ಷ ಊರಿನ ಯುದ್ಧ ಸ್ಮಾರಕದ ಕಲ್ಲಿನಲ್ಲಿ ಗಾಯಗೊಂಡವರ ಹೆಸರನ್ನೂ ಕೆತ್ತಿಸುವವರಿದ್ದರು; ಪದಕ ತಂದು ತೋರಿಸಿ ಎಂದಿತ್ತು ಪಂಚಾಯಿತಿ. ಆಬಾ ಕುಂಟುತ್ತಿದ್ದರು. ಕಾಲಿಗೆ ಗುಂಡು ಹೊಕ್ಕ ಕತೆಯನ್ನು ಅವರ ಬಾಯಲ್ಲಿ ಕೇಳದ ಮಗು ಊರಲ್ಲಿರಲಿಲ್ಲ.

11.45. ಆಬಾರ ಮನೆಯಲ್ಲಿ ಇಬ್ಬರು ಪಂಚರ ಎದುರು ಪಂಚನಾಮೆ. ಗೋಡೆಗೆ ತೂಗುಹಾಕಿದ್ದ ಸಮವಸ್ತ್ರದ ಎಡ ಎದೆಯಲ್ಲೇ ಪದಕವಿತ್ತು. ಗಳಿಸಿದವರು ಎಡಕ್ಕೆ ಧರಿಸುತ್ತಾರೆ, ತೀರಿಕೊಂಡವರ ಪದಕವನ್ನು ತಾರಾಬಾಯಿಯಂಥ ಮನೆಯವರು ಬಲಕ್ಕೆ. ಧುಮಾಳ ಅದರ ಅಂಚಿನ ಮೇಲೆ ಉಗುರು ಎಳೆದರು. ನಂಬರು, ಹೆಸರು ಇರಬೇಕಾದಲ್ಲಿ ಅರದ ಹೊಸ ಗೀರುಗಳು.

“ಹೆಸರೆಲ್ಲಿ ಆಬಾ?”

“ತಿಕ್ಕಿ ತಿಕ್ಕಿ ಸವೀತು. ನನ್ನ ಕಾಲೇ ಸಾಕ್ಷಿ, ಸಾಲ್ದಾ?”

ತಾರಾಬಾಯಿ ಬಾಗಿಲಲ್ಲಿ ನಿಂತಿದ್ದರು. “ಪದಕ ಸವೀತು, ನಿನ್ನ ನಾಲಿಗೆ ಸವೀಲಿಲ್ಲ ನೋಡು ಭಾವ!”

12.10ಕ್ಕೆ ಬಂಧನ. ಹೊಸ್ತಿಲ ಬಳಿ ಆಬಾ ಹಿಂತಿರುಗಿ ನೋಡಿದರು.

“ಸುಲಭೀ, ನೀನು ಓದಿದವಳು. ಹೇಳು ಇವರಿಗೆ, ನಿನ್ನ ಆಬಾ ಎಂಥ ಸಿಪಾಯಿ ಅಂತ.”

ಶಾಲೆಯಲ್ಲಿ ಆ ಗುಂಡಿನ ಕತೆ ಹೇಳಿ ಚಪ್ಪಾಳೆ ಗಿಟ್ಟಿಸಿದವಳು ಅವಳು. ಮನೆಗೊಬ್ಬ ಸಿಪಾಯಿಯಿದ್ದ ಊರಲ್ಲಿ, ನಾನು ಹಿಡಿದದ್ದು ಸೌಟು ಎನ್ನಲು ಆಬಾಗೆ ಐವತ್ತು ವರ್ಷವೂ ಬಾಯಿ ಬಂದಿರಲಿಲ್ಲ. ಆ ಕಾಗದ ಬಂದ ಮೇಲೂ ಅವಳಿಗೆ ಮೂರು ತಿಂಗಳು.

“ಆಬಾ ಯುದ್ಧಕ್ಕೆ ಹೋಗಿರಲಿಲ್ಲ ಸರ್,” ಎಂದಳು. “ಸೈನ್ಯದ ಡಿಪೋದಲ್ಲಿ ಅಡುಗೆ ಮಾಡ್ತಿದ್ರು. ಕಾಲ ಮೇಲೆ ಬಿದ್ದಿದ್ದು ಬೇಳೆಯ ಹಂಡೆ.”