ನೆರಳುಗಾವಲು

ಯಶೋಧರಾ ತೊಟ್ಟಿಲ ಮೇಲೆ ಬಾಗಿದಳೋ ಇಲ್ಲವೋ, ಛಾವಣಿಯ ನೇರಳೆ ದೀಪ ಮಿಣುಕಿತು. ಗೋಡೆಯೊಳಗಿಂದ ಸೌಮ್ಯವಾದ ದನಿಯೊಂದು ಹೇಳಿತು: “ನೆರಳು ಬಿದ್ದಿದೆ. ದೂರ ಸರಿಯಿರಿ.”

ಕಲಬುರಗಿಯ ಆ ಆಸ್ಪತ್ರೆಯಲ್ಲಿ, ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಹಗಲಿರುಳು ಕಾಯುತ್ತಿದ್ದದ್ದು ಈ ‘ಅಣುಘ್ನ ದೀಪ’. ಅದರ ಬೆಳಕನ್ನು ಜೀವಾಣುವಿನ ಒಡಲಿನ ವರ್ಣದ್ರವ್ಯ ಹೀರಿಕೊಳ್ಳುತ್ತದೆ. ಹೀರಿದ್ದೇ ವಿಷವಾಗಿ ಜೀವಾಣು ಒಳಗಿನಿಂದಲೇ ಬೆಂದು ಸಾಯುತ್ತದೆ. ಮನುಷ್ಯರ ಚರ್ಮಕ್ಕೆ ಏನೂ ಆಗದು. ಆದರೆ ಬೆಳಕು ಬಿದ್ದಲ್ಲಿ ಮಾತ್ರ ಅದರ ಆಟ. ಹಾಗಾಗಿ ತೊಟ್ಟಿಲ ಮೇಲೆ ಯಾರ ನೆರಳು ಬಿದ್ದರೂ ಎಚ್ಚರಿಸುವ ‘ನೆರಳುಗಾವಲು’ ಎಂಬ ಕಣ್ಣೊಂದನ್ನು ದೀಪಕ್ಕೆ ಜೋಡಿಸಿದ್ದರು. ದಾದಿಯರು ಬದಿಯಿಂದ ಕೈ ಚಾಚಿ ಆರೈಕೆ ಮಾಡಬೇಕು. ತಾಯಂದಿರು ಹಳದಿ ಗೆರೆಯಾಚೆ ನಿಂತು ನೋಡಬೇಕು.

ಸೋಂಕೇನೋ ನಿಂತೇಹೋಗಿತ್ತು. ಆದರೆ ಯಶೋಧರಾಳ ಮಗಳಿಗೆ ಹಾಲು ದಕ್ಕುತ್ತಿರಲಿಲ್ಲ. ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿಯಾಗಿದ್ದವು.

“ಏನ್ ಮಾಡ್ಲಾಕತ್ತೀರಿ ಟೀಚರ್? ಗೆರಿ ದಾಟಬ್ಯಾಡ್ರಿ ಅಂದಿದ್ದಿಲ್ಲೇನು?” ದೀಪವನ್ನು ರೂಪಿಸಿದ ವಿಜ್ಞಾನಿ ಸುಹಾಸಿನಿ ಓಡಿಬಂದರು.

“ಈ ಗ್ವಾಡಿ ಆಡೋ ಮಾತು ಯಾರು ಬರದದ್ರಿ?”

“ನಾನೇ. ಯಾಕ?”

“ನಮ್ಮ ಮುತ್ತ್ಯಾ ಹೇಳ್ತಿದ್ದ. ಅವರಪ್ಪ ಬಾವಿ ಕಡೆ ಹೋದ್ರ ಊರವರು ಇದೇ ಮಾತು ಅಂತಿದ್ರಂತ. ಅವರು ಬೈದು ಹೇಳ್ತಿದ್ರು, ನೀವು ಮರ್ಯಾದಿ ಕೊಟ್ಟು ಹೇಳ್ಸೀರಿ. ಅಷ್ಟೇ ಫರಕು.”

ಸುಹಾಸಿನಿಯ ಮುಖ ಕಪ್ಪಿಟ್ಟಿತು. “ಛೇ, ಅದು ಜಾತಿ ನೋಡಂಗಿಲ್ರಿ. ನನ್ನ ನೆರಳು ಬಿದ್ರೂ ಹಂಗೇ ಅಂತದ.”

“ನಿಮ್ಮ ಕೂಸು ಅದ ಏನ್ರಿ ಇಲ್ಲಿ?”

ತೊಟ್ಟಿಲಿಗೆ ತೂಗಿದ್ದ ‘ಸೋಂಕಿಲ್ಲ’ ಎಂಬ ಚೀಟಿಯನ್ನು ಸುಹಾಸಿನಿ ಎತ್ತಿ ತೋರಿಸಿದರು.

“ಸೋಂಕಿಲ್ಲ, ಸೋಂಕಿಲ್ಲ ಅಂತೀರಿ. ನನ್ನ ಮಗಳು ಸ್ವಚ್ಛಾಗಿ ಸಾಯ್ಲಾಕತ್ತಾಳ!”

ತರಗತಿಯಲ್ಲಿ ಎಂದೂ ದನಿ ಎತ್ತದ ಗಣಿತದ ಟೀಚರ್ ಅಂದು ಕೂಗಿಬಿಟ್ಟಿದ್ದಳು. ರವಿಕೆಯ ಗುಂಡಿ ಬಿಚ್ಚಿ, ನಳಿಕೆ ಸಮೇತ ಕೂಸನ್ನೆತ್ತಿ ಬರಿಯ ಎದೆಗೆ ಒತ್ತಿಕೊಂಡು ದೀಪಕ್ಕೆ ಬೆನ್ನು ಹಾಕಿ ಕುಳಿತಳು. ಗೋಡೆ ಮತ್ತೆ ಮತ್ತೆ ಅದನ್ನೇ ಹೇಳಿತು. “ಬಡಕೋ, ಎಷ್ಟ್ ಬಡಕೋತಿ,” ಎಂದಳು. ಕಾವಲಿನವರನ್ನು ಕರೆಯಲು ಎತ್ತಿದ ಕೈಯಿಂದಲೇ ಸುಹಾಸಿನಿ ಆ ದನಿಯನ್ನು ಬಂದ್ ಮಾಡಿದರು.

ಯಶೋಧರಾ ದಿನವೂ ಹಾಗೆಯೇ ಕೂತಳು. ಕೂಸಿಗೆ ಹಾಲು ದಕ್ಕತೊಡಗಿತು. ಸುಹಾಸಿನಿ ಪರೀಕ್ಷಿಸಿ ನೋಡಿದರೆ, ದೀಪ ಕೊಂದದ್ದು ಶತ್ರುಗಳನ್ನಷ್ಟೇ ಅಲ್ಲ. ತಾಯಿಯ ಮೈಯಿಂದ ಮಗುವಿಗೆ ದಾಟಿ, ಅದರ ಕರುಳಲ್ಲಿ ನೆಲೆಸಿ, ಹಾಲು ಅರಗಿಸಲು ನೆರವಾಗಬೇಕಿದ್ದ ಜೀವಾಣುಗಳನ್ನೂ ದಾರಿಯಲ್ಲೇ ಸುಟ್ಟುಹಾಕಿತ್ತು. ಅವು ದಾಟಬಹುದಾಗಿದ್ದ ಜಾಗ ಒಂದೇ: ತಾಯಿಯ ನೆರಳು.

ದೀಪವನ್ನು ತೆಗೆಯಲಿಲ್ಲ; ನೆಲ, ಗೋಡೆ, ಸಲಕರಣೆಗಳಿಗೆ ಅದು ಬೇಕೇ ಬೇಕಿತ್ತು. ನೆರಳುಗಾವಲಿಗೆ ಮಾತ್ರ ಸುಹಾಸಿನಿ ಬೇರೆ ಪಾಠ ಕಲಿಸಿದರು.

ಮರುದಿನ ಯಶೋಧರಾ ಗೆರೆಯ ಬಳಿ ಬಂದಾಗ ದೀಪ ಮಿಣುಕಿತು. ಅದೇ ಸೌಮ್ಯ ದನಿ ಹೇಳಿತು: “ನೆರಳು ಸಾಲದು. ಹತ್ತಿರ ಬನ್ನಿ.”

ಅವಳು ಕೈಕಟ್ಟಿ ನಿಂತಳು.

“ಕೇಳ್ಸಲಿಲ್ಲ,” ಎಂದಳು ಗೋಡೆಗೆ. “ಇನ್ನೊಮ್ಮೆ ಹೇಳು.”