ಗರುಡಗದ್ದೆಯ ಋಣ

ಮಣಿಕೂಟಪುರದ ಮೂಡಣ ಹೆಬ್ಬಾಗಿಲಲ್ಲಿ ಅಂದು ಕುದುರೆ ವ್ಯಾಪಾರಿಗಳ ಕೂಗು, ಹೂವಾಡಗಿತ್ತಿಯರ ಜಗಳ, ಮಜ್ಜನಕ್ಕೆ ಹೊರಟ ಪಟ್ಟದಾನೆಯ ಗಂಟೆ ಎಲ್ಲವೂ ಎಂದಿನಂತೆಯೇ ಇದ್ದವು. ಅರಮನೆಯ ನಗಾರಿಯೊಂದೇ ಮೌನವಾಗಿತ್ತು. ಅರಸ ಇರಿವಮಲ್ಲ ಹಾಸಿಗೆ ಹಿಡಿದಿದ್ದ, ರಾಜವೈದ್ಯರು ಕೈಚೆಲ್ಲಿದ್ದರು.

ಧರ್ಮಾಧಿಕಾರಿ ಬೊಪ್ಪದೇವನ ಮುಂದಿದ್ದ ವ್ಯಾಜ್ಯ ಮೇಲ್ನೋಟಕ್ಕೆ ಸಣ್ಣದು. ಹಿರಿಕೆರೆಯ ಕೆಳಗಿನ ಗದ್ದೆಯನ್ನು ಉಣ್ಣುವವನು ಕೆರೆಯ ಏರಿಯನ್ನು ದುರಸ್ತಿಯಲ್ಲಿಡಬೇಕೆಂದು ಹಿಂದಿನ ಒಡೆಯ ಊರವರಿಗೆ ಮಾತು ಕೊಟ್ಟಿದ್ದ. ಈಗ ಅದನ್ನು ಕೊಂಡವನು ಮಹಾರಾಣಿಯ ತಮ್ಮ ಮಾಚಿರಾಜ. "ನಾನು ಕೊಂಡದ್ದು ಮಣ್ಣನ್ನು, ಸತ್ತವನ ಮಾತನ್ನಲ್ಲ" ಎಂಬುದು ಅವನ ವಾದ. ಏರಿ ಬಿರುಕು ಬಿಟ್ಟಿತ್ತು. ಮಳೆ ಹಿಡಿದರೆ ಕೆಳಗಿನ ಹಳ್ಳಿಗಳು ಉಳಿಯುವಂತಿರಲಿಲ್ಲ.

ತೀರ್ಪಿಗೆ ಮುನ್ನ ಮಾಚಿರಾಜ ಬೊಪ್ಪದೇವನ ಮನೆಗೇ ಬಂದು, ತಾಂಬೂಲ ಸವಿಯುತ್ತ ಕೇಳಿದ: "ತಾವು ಕೊಂಡ ತೆಂಕಣ ಗದ್ದೆ ಯಾರದಾಗಿತ್ತು, ಸ್ವಾಮಿ?"

"ಅರಸರ ಮೈಗಾವಲಿನ ಗರುಡನಾಗಿದ್ದ ಸಿಂಗಣ್ಣನದು. ಅವನೀಗ ತೀರಿಹೋಗಿದ್ದಾನೆ."

"ಆ ಗದ್ದೆಯನ್ನು ಉಣ್ಣುವವನು ಅರಸರು ತೀರಿದ ದಿನವೇ ತಲೆಯೊಪ್ಪಿಸಬೇಕೆಂದು ಸಿಂಗಣ್ಣ ಕಾಲಿಗೆ ಗರುಡರ ಪಣದ ಕಡಗವಾದ ತೊಡರು ಕಟ್ಟಿಕೊಂಡು ಆಣೆಯಿಟ್ಟಿದ್ದನಲ್ಲವೆ? ಮಾತು ಮಣ್ಣಿಗಂಟುವುದಾದರೆ ತಮ್ಮ ಮಣ್ಣಿಗೂ ಅಂಟಿದೆ. ಅಂಟದಿದ್ದರೆ ಇಬ್ಬರೂ ಸುಖಿಗಳು. ಯೋಚಿಸಿ ತೀರ್ಪು ಕೊಡಿ."

ಬೊಪ್ಪದೇವನಿಗೆ ಅತ್ತ ದರಿ, ಇತ್ತ ಪುಲಿ. ಕೊಳ್ಳುವಾಗ ಅವನಿಗೂ ಈ ಸಂಗತಿ ಗೊತ್ತಿತ್ತು. ಆಣೆ ಸಿಂಗಣ್ಣನೊಂದಿಗೇ ಹೋಯಿತೆಂದು, ಥೇಟು ಮಾಚಿರಾಜನಂತೆಯೇ, ತನಗೆ ತಾನೇ ತೀರ್ಪು ಕೊಟ್ಟುಕೊಂಡಿದ್ದ. ಈಗ ಮಾರೋಣವೆಂದರೆ ತನ್ನ ಉರುಳನ್ನು ಇನ್ನೊಬ್ಬನ ಕೊರಳಿಗೆ ದಾಟಿಸಿದಂತೆ. ಅವನಿಗೆ ಸಾವಿನ ಭಯವಿತ್ತು, ಬಹಳವೇ ಇತ್ತು.

ಆದರೂ ಮರುದಿನ ತುಂಬಿದ ಸಭೆಯಲ್ಲಿ ನುಡಿದ: "ಮಣ್ಣನ್ನು ಉಣ್ಣುವವನು ಅದರ ಮಾತನ್ನೂ ನಡೆಸಬೇಕು. ಮಾಚಿರಾಜರು ಏರಿ ಕಟ್ಟಿಸಲಿ. ನನ್ನ ಗದ್ದೆಗೂ ಇದೇ ತೀರ್ಪು."

ಸುದ್ದಿ ತಿಳಿದ ಅರಸ ಅವನನ್ನು ಹಾಸಿಗೆಯ ಬಳಿಗೆ ಕರೆಸಿದ. "ಬೊಪ್ಪದೇವಾ, ಸಿಂಗಣ್ಣ ಮಾತು ಕೊಟ್ಟದ್ದು ನನಗೆ. ನಾನೇ ಬಿಟ್ಟುಕೊಟ್ಟೆ, ಹೋಗು."

ಬೊಪ್ಪದೇವನ ಕಣ್ಣು ತುಂಬಿತು. ಬಾಗಿಲು ತೆರೆದೇ ಇತ್ತು; ದಾಟಲು ಮಾತ್ರ ಆಗಲಿಲ್ಲ. "ಬೇಡ ಪ್ರಭು. ಮಾತು ಪಡೆದವರು ಅದನ್ನು ಬಿಟ್ಟುಕೊಡಬಹುದೆಂದು ನಾನೇ ತೋರಿಸಿಕೊಟ್ಟರೆ, ನಾಳೆ ಮಾಚಿರಾಜರು ಕತ್ತಿ ಹಿರಿದು ನಿಂತು ಹಳ್ಳಿಯವರಿಂದಲೂ 'ಬಿಟ್ಟೆವು' ಎನ್ನಿಸುತ್ತಾರೆ."

ಮುಂಗಾರಿಗೆ ಮೊದಲೇ ಅರಸ ತೀರಿದ. ಮನೆಯಲ್ಲಿ ಹೆಂಡತಿ ಕಾಳಬ್ಬೆ ಬೊಪ್ಪದೇವನ ಎಡಗಾಲಿಗೆ ತೊಡರು ಕಟ್ಟುತ್ತ ಬಿಕ್ಕಿದಳು: "ಆ ಗದ್ದೆಯನ್ನು ನಾನೇನು ಮಾಡಲಿ?"

"ಬಿತ್ತಬೇಡ. ಯಾರೂ ಉಣ್ಣದ ಮಣ್ಣು ಯಾರ ತಲೆಯನ್ನೂ ಕೇಳದು."

ಆಣೆಯಂತೆ ಅಂದೇ ಅವನ ತಲೆ ಉರುಳಿತು. ಮರುದಿನದಿಂದ ಮಾಚಿರಾಜ ತಾನೇ ನಿಂತು ಏರಿಗೆ ಮಣ್ಣು ಹೊರಿಸಿದ. ಭಯಕ್ಕೋ ನಾಚಿಕೆಗೋ ಯಾರು ಬಲ್ಲರು, ತಲೆ ತೆತ್ತು ಕೊಟ್ಟ ತೀರ್ಪನ್ನು ಅಲ್ಲಗಳೆಯುವ ನಾಲಗೆ ಅವನಿಗೂ ಇರಲಿಲ್ಲ. ಆ ವರ್ಷ ಹಿರಿಕೆರೆ ಕೋಡಿ ಹರಿಯಿತು. ಏರಿ ನಿಂತಿತು.