ಬೇಡದ ಕೂದಲು, ಬಾರದ ಕೂದಲು

"ಮಾಸ್ಕ್ ತೆಗೀಬೇಕಾಗುತ್ತೆ," ಅಂದ ಅವನು.

ಅವಳ ಕೈ ತಾನಾಗಿಯೇ ಮುಖಕ್ಕೆ ಹೋಯಿತು. "ಯಾಕೆ? ಅಳತೆ ತಲೆಗೆ ತಾನೇ?"

"ಕಿವಿಯಿಂದ ಕಿವಿಗೆ ಟೇಪು ಹಿಡೀಬೇಕು. ಮಾಸ್ಕಿನ ದಾರ ಅಡ್ಡ ಬರುತ್ತೆ. ಅರ್ಧ ಇಂಚು ಹೆಚ್ಚುಕಮ್ಮಿ ಆದ್ರೂ ವಿಗ್ ತಲೆ ಮೇಲೆ ನಿಲ್ಲಲ್ಲ."

ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು ಅವನ ಕೋಣೆ. ಗೋಡೆಯುದ್ದಕ್ಕೂ ಮರದ ತಲೆಗಳು. ಕಿಟಕಿಯ ಪಕ್ಕದ ಮೇಜಿನ ಮೇಲೆ ತೆಳುವಾದ ಬಲೆ, ಕೊಕ್ಕೆಸೂಜಿ, ಬಾಚಿ ಕಟ್ಟಿಟ್ಟ ಕೂದಲ ಕಂತೆ. ಎರಡೆರಡೇ ಎಳೆ ತೆಗೆದು ಬಲೆಗೆ ಗಂಟು ಹಾಕುವುದು ಅವನ ಕಸುಬು. ದಿನವಿಡೀ ಗಂಟು ಹಾಕುವುದಕ್ಕೋ, ಮುಖ ಸದಾ ಗಂಟಿಕ್ಕಿರುವುದಕ್ಕೋ, ಕೆಳಗಿನ ಔಷಧಿ ಅಂಗಡಿಯವರು ಅವನನ್ನು ಗಂಟಣ್ಣ ಅನ್ನುತ್ತಿದ್ದರು.

ಅವಳಿಗೆ ಮೂವತ್ತಾರು. ಮೂವತ್ತನಾಲ್ಕರವರೆಗೆ ಗಂಡಸಿನ ಹೆಸರಿನಲ್ಲಿ ಉಸಿರು ಬಿಗಿಹಿಡಿದು ಬದುಕಿದವಳು. ಹಾರ್ಮೋನ್ ಮಾತ್ರೆ ಶುರುಮಾಡಿ ಈಗ ಹತ್ತು ತಿಂಗಳು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ. ಗಿರಾಕಿಗಳ ಕಣ್ಣಿಗೆ ಬೀಳುವಂತಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದೂ ಅದೇ.

ಮಾಸ್ಕ್ ತೆಗೆದಳು. ಐದು ದಿನದ ಗಡ್ಡ. ಗಲ್ಲದ ಹತ್ತಿರ ನಾಲ್ಕಾರು ಬಿಳಿ ಕೂದಲು ಬೇರೆ.

'ಈಗ ನೋಡ್ತಾನೆ. ಈಗ ಮುಖ ಸಿಂಡರಿಸ್ತಾನೆ...'

ಅವನು ನೋಡಿದ. ಟೇಪನ್ನು ಕಿವಿಯ ಮೇಲಿಟ್ಟು ಕೇಳಿದ, "ಗಡ್ಡಕ್ಕೆ ಸೂಜಿ ಟ್ರೀಟ್‌ಮೆಂಟಾ?"

ಅವಳು ಬೆಚ್ಚಿದಳು. "ನಿಮಗೆ ಹೇಗೆ ಗೊತ್ತು?"

"ಲೇಸರ್ ಆಗಿದ್ರೆ ನೀಟಾಗಿ ಬೋಳಿಸ್ಕೊಂಡು ಬರ್ತಿದ್ರಿ. ಸೂಜಿಗೆ ಕೂದಲು ಹಿಡಿಯೋಕೆ ಸಿಗ್ಬೇಕಲ್ಲ, ಬೆಳೆಸ್ಬೇಕು. ನಿಮ್ಮಂಥೋರು ಇನ್ನೂ ಮೂರು ಜನ ಬರ್ತಾರೆ ಇಲ್ಲಿಗೆ." ಟೇಪಿನ ಅಂಕಿ ನೋಡಿ ಬರೆದುಕೊಂಡ. "ತುಂಬಾ ನೋಯುತ್ತಂತೆ."

"ಮೇಲ್ದುಟಿ ಹತ್ತಿರ ಜೀವ ಹೋಗುತ್ತೆ."

ಬೆಳಗಿನಿಂದ ಅವಳು ಆಡಿದ ಮೊದಲ ನಿಜವಾದ ಮಾತು ಅದು. ಅವಳು ಮಾಸ್ಕ್ ಮತ್ತೆ ಹಾಕಿಕೊಂಡಳು.

"ಒಂದು ಮಾತು ಕೊಡಿ. ನನ್ನ ಬಗ್ಗೆ ಯಾರೇ ಬಂದು ಕೇಳಿದ್ರೂ ಗೊತ್ತಿಲ್ಲ ಅನ್ಬೇಕು. ಅದರಲ್ಲೂ ನನ್ನ ಮನೆಯವರು."

ಅವನು ಕಾರಣ ಕೇಳಲಿಲ್ಲ. "ಆಯ್ತು," ಅಂದ.

ಮನೆಯವರು ಅಂದರೆ ಇಬ್ಬರೇ. ಬೇರೆ ಊರಿನಲ್ಲಿದ್ದ ಅಮ್ಮ ಮತ್ತು ಅಮ್ಮನನ್ನು ನೋಡಿಕೊಳ್ಳುತ್ತಿದ್ದ ಅಕ್ಕ. ವಿಷಯ ಹೇಳಿದ ದಿನ ಅಕ್ಕ ಫೋನಿನಲ್ಲೇ ಸಿಡಿದಿದ್ದಳು. "ಈ ಅವತಾರದಲ್ಲಿ ಅಮ್ಮನ ಮುಂದೆ ಬರ್ಬೇಡ. ಇರೋ ನಾಲ್ಕು ದಿನ ನೆಮ್ಮದಿಯಾಗಿ ಇರ್ಲಿ." ಆಮೇಲೆ ಇವಳೇ ತನ್ನ ಫೋನ್ ನಂಬರು ಬದಲಾಯಿಸಿದಳು. ಮುಖ ನುಣುಪಾಗಲಿ, ತಲೆ ತುಂಬ ಕೂದಲು ಬರಲಿ, ಆಗ ಹೋಗಿ ಅಮ್ಮನ ಎದುರು ನಿಲ್ಲುತ್ತೇನೆ ಅಂತ ಮನಸ್ಸಿನಲ್ಲೇ ಗೆರೆ ಎಳೆದುಕೊಂಡಳು. ಹಾಗೆ ಎಂಟು ತಿಂಗಳು ಕಳೆದಿತ್ತು.

ಪ್ರತಿ ಶನಿವಾರ ಕೆಲಸ ಮುಗಿಸಿ ಅವಳು ಆ ಮೆಟ್ಟಿಲು ಹತ್ತತೊಡಗಿದಳು. ಒಂದು ದಿನ ಚರ್ಮದ ಡಾಕ್ಟರು ಕೊಟ್ಟ ಕಾಗದಗಳನ್ನೆಲ್ಲ ಅವನ ಮೇಜಿನ ಮೇಲೆ ಹರಡಿದಳು.

"ನನಗೆ ತಲೆ ಕೆಟ್ಟು ಹೋಗಿದೆ. ಯಾವುದು ಬೇಗ ಆಗುತ್ತೆ ಹೇಳಿ."

"ಬೇಗ ಆಗೋದು ವಿಗ್ ಒಂದೇ. ಗಡ್ಡಕ್ಕೆ ಡಾಕ್ಟ್ರು ಏನಂದ್ರು?"

"ಮೊದಲು ಲೇಸರ್ ಅಂದ್ರು. ತಿಂಗಳಿಗೊಂದ್ಸಲ, ಏಳೆಂಟು ಸಲ ಮಾಡಿಸಿದ್ರೆ ಕಪ್ಪು ಕೂದಲು ತುಂಬಾ ಕಮ್ಮಿ ಆಗುತ್ತಂತೆ. ಬಿಳಿ ಕೂದಲು ಮಾತ್ರ ಲೇಸರ್‌ಗೆ ಸೊಪ್ಪು ಹಾಕಲ್ಲ. ಅದಕ್ಕೆ ಸೂಜಿನೇ ಗತಿ. ಒಂದೊಂದೇ ಬುಡಕ್ಕೆ ಸೂಜಿ ಇಳಿಸಿ ಸುಡೋದು. ಹೋದದ್ದು ಮತ್ತೆ ಬರಲ್ಲ, ಆದ್ರೆ ಒಂದೂವರೆ ಎರಡು ವರ್ಷ ಬೇಕು. ನಾನು ಹಠ ಹಿಡಿದು ಪೂರ್ತಿ ಸೂಜಿಗೇ ಕೂತೆ."

"ಎರಡೂ ಸೇರಿಸಿ ಮಾಡಿಸಿ. ಕರಿದಕ್ಕೆ ಲೇಸರ್, ಬಿಳಿದಕ್ಕೆ ಸೂಜಿ. ನೋವೂ ಅರ್ಧ ಆಗುತ್ತೆ."

"ತಲೆಗೆ?"

ಅವನು ಅವಳ ಹಣೆಯ ಮೇಲಿನ ಖಾಲಿ ಜಾಗವನ್ನು ನೋಡಿದ. ಮುಟ್ಟಲಿಲ್ಲ.

"ಹಚ್ಚೋ ಔಷಧಿ ಇದೆ. ಮೊದಮೊದಲು ಇನ್ನೂ ಜಾಸ್ತಿ ಉದುರುತ್ತೆ, ಹೆದರಿ ಬಿಟ್ಟುಬಿಡೋರೇ ಹೆಚ್ಚು. ನಾಲ್ಕೈದು ತಿಂಗಳು ಹಲ್ಲು ಕಚ್ಚಿ ಹಚ್ಬೇಕು. ಕಸಿ ಮಾಡೋದಾದ್ರೆ ಹಿಂದಿನ ಕೂದಲು ತೆಗೆದು ಮುಂದೆ ನೆಡ್ತಾರೆ. ಹಿಂದೆ ಇರೋದಷ್ಟೇ ಬಂಡವಾಳ, ಆತುರ ಪಟ್ಟು ಕಳ್ಕೋಬಾರದು. ಮಾತ್ರೆಯಿಂದ ತಾನಾಗಿ ಎಷ್ಟು ಬರುತ್ತೆ ಅಂತ ಇನ್ನೊಂದು ವರ್ಷ ನೋಡಿ."

"ವಿಗ್ ಮಾರೋರು ನೀವು. ವಿಗ್ ತಗೊಳ್ಳಿ ಅನ್ನಲ್ವಲ್ಲ?"

"ತಗೊಳ್ಳಿ. ಆದ್ರೆ ಅಂಟು ಹಾಕೋದು ಬೇಡ, ಬರೋ ಕೂದಲಿಗೆ ಪೆಟ್ಟು. ಸಡಿಲವಾಗಿ ಕಟ್ಟಿಕೊಡ್ತೀನಿ."

ಅವಳು ಕಾಗದಗಳನ್ನು ಮಡಚಿದಳು. "ಬೇಡ ಅಂದಲ್ಲಿ ಬಿಟ್ಟು ಹೋಗಲ್ಲ, ಬಾ ಅಂದಲ್ಲಿ ಬರಲ್ಲ. ನನ್ನ ಕೂದಲಿಗೂ ನನ್ನ ಕಂಡ್ರೆ ಆಗಲ್ಲ."

ಗಂಟಣ್ಣನ ಮುಖದ ಗಂಟು ಸಡಿಲವಾಯಿತು. ಅವನು ನಕ್ಕದ್ದನ್ನು ಅವಳು ಮೊದಲ ಸಲ ನೋಡಿದಳು. ಮೆಟ್ಟಿಲಿಳಿಯುವಾಗ ಎದೆಯಲ್ಲಿ ಏನೋ ಹಗುರವಾಗಿತ್ತು... ಹಾಗೆ ಹಗುರವಾಗುವುದಕ್ಕೇ ಅವಳಿಗೆ ಭಯ.

ನಾಲ್ಕೂವರೆ ತಿಂಗಳ ನಂತರ, ಒಂದು ಮಂಗಳವಾರ, ನಡುವಯಸ್ಸಿನ ಹೆಂಗಸೊಬ್ಬಳು ಏದುಸಿರು ಬಿಡುತ್ತಾ ಆ ಮೆಟ್ಟಿಲು ಹತ್ತಿ ಬಂದಳು. ಅದು ಅಕ್ಕ. ಮೊದಲು ಕನ್ನಡಕದ ಅಂಗಡಿಗೆ ಹೋಗಿದ್ದಳು. ಆದರೆ ಸೂಜಿ ಹಾಕಿಸಿಕೊಂಡು ಮುಖ ಊದಿದ್ದರಿಂದ ಅವಳು ಆ ವಾರವಿಡೀ ಕೆಲಸಕ್ಕೆ ರಜೆ ಹಾಕಿದ್ದಳು. ಹೊಸ ನಂಬರಾಗಲಿ ಮನೆಯಾಗಲಿ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರೋ ಈ ಮಹಡಿ ತೋರಿಸಿ ಕಳಿಸಿದ್ದರು.

"ನನ್ನ ತಮ್ಮ ಇಲ್ಲಿಗೆ ಬರ್ತಾನಂತೆ."

"ನಿಮ್ಮ ತಮ್ಮ ಯಾರೂ ಇಲ್ಲಿಗೆ ಬರಲ್ಲ," ಅಂದ ಅವನು. ಮಾತು ಕೊಟ್ಟಿದ್ದ. ಆಡಿದ್ದು ಸುಳ್ಳೂ ಆಗಿರಲಿಲ್ಲ.

 ಅಕ್ಕ ಚೀಟಿಯಲ್ಲಿ ತನ್ನ ನಂಬರು ಬರೆದಿಟ್ಟಳು. "ಬಂದ್ರೆ ಕೊಡಿ. ಮನೆ ವಿಷಯ ಅನ್ನಿ."

ಶನಿವಾರ ಅವಳು ಬಂದಳು. ಊತ ಇಳಿದಿತ್ತು. ಬಂದವಳೇ ಕಿಟಕಿಯ ಬೆಳಕಿಗೆ ಹಣೆ ಒಡ್ಡಿದಳು.

"ನೋಡಿ ಇಲ್ಲಿ. ನಿಜಾನಾ, ನನ್ನ ಭ್ರಮೆನಾ?"

ಖಾಲಿ ಜಾಗದ ಅಂಚಿನಲ್ಲಿ ಎಳೆಮಗುವಿನ ತಲೆಯಲ್ಲಿರುವಂಥ ನವಿರು ಕೂದಲು.

"ನಿಜ," ಅಂದ ಅವನು.

ಅವಳು ನಕ್ಕಳು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನು ಡ್ರಾಯರಿನ ಮೇಲೆ ಇಟ್ಟಿದ್ದ ಕೈಯನ್ನು ಹಿಂದೆ ತೆಗೆದುಕೊಂಡ. ಅಕ್ಕನ ಚೀಟಿ ಒಳಗೇ ಉಳಿಯಿತು.

ಬುಧವಾರ ಕನ್ನಡಕದ ಅಂಗಡಿಯ ವಿಳಾಸಕ್ಕೆ ಅಕ್ಕನ ಕಾಗದ ಬಂತು. ನಾಲ್ಕೇ ಸಾಲು. ಅಮ್ಮ ಭಾನುವಾರ ಮಧ್ಯಾಹ್ನ ತೀರಿಕೊಂಡಳು. ಹೋದ ಮಂಗಳವಾರ ಬಂದು ಹುಡುಕಿದೆ. ಆ ವಿಗ್ ಅಂಗಡಿಯವನ ಹತ್ತಿರ ನಂಬರೂ ಕೊಟ್ಟು ಬಂದೆ. ನೀನು ಬರಲಿಲ್ಲ.

ಅವಳು ಮೆಟ್ಟಿಲು ಹತ್ತಿದ್ದು ಅವಳಿಗೇ ನೆನಪಿಲ್ಲ. ಕಾಗದವನ್ನು ಅವನ ಮುಂದೆ ಹಿಡಿದಳು. ಅವನು ಓದಿದ. 

"ಶನಿವಾರ ನಾನು ಇಲ್ಲೇ ಇದ್ದೆ," ಅಂದಳು.

"ಹೌದು."

"ಆಗ ಹೇಳಿದ್ರೆ ರಾತ್ರಿ ಬಸ್ಸಿಗೆ ಹೋಗ್ತಿದ್ದೆ. ಬೆಳಗ್ಗೆ ಅಮ್ಮನ ಮುಖ ನೋಡ್ತಿದ್ದೆ."

"ಹೌದು. ತಪ್ಪು ನನ್ನದು."

ಅವನು ಮಾತು ಕೊಟ್ಟಿದ್ದನ್ನು ನೆನಪಿಸಿದ್ದರೆ ಅವಳು ಕೂಗಾಡಬಹುದಿತ್ತು. ಅವನು ನೆನಪಿಸಲಿಲ್ಲ. ಅವಳು ಹೊರಟಳು. ಹೊಸ್ತಿಲಲ್ಲಿ ತಿರುಗದೆಯೇ ಹೇಳಿದಳು, "ಇನ್ನು ನೀವು ಯಾರೋ, ನಾನು ಯಾರೋ."

ಅಂದೇ ಸಂಜೆ ಊರಿನ ಬಸ್ಸು ಹತ್ತಿದಳು. ಮಾಸ್ಕ್ ಹಾಕಲಿಲ್ಲ. ನೆರೆಯ ಸೀಟಿನವನು ಎದ್ದು ಹಿಂದೆ ಹೋಗಿ ಕೂತ. ಅದೂ ಅವಳಿಗೆ ತಾಗಲಿಲ್ಲ.

ಬಾಗಿಲು ತೆರೆದ ಅಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಕೆಂಪು ಚುಕ್ಕೆಗಳೆದ್ದ ಗಲ್ಲ, ತೆಳು ಕೂದಲಿನ ತಲೆ, ಹೊಸ ಬಟ್ಟೆ. ಅವಳು ಬೈಗುಳಕ್ಕೆ ಕಾದಳು. ಅಕ್ಕ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಅಮ್ಮನ ಮಂಚದ ಮೇಲೆ ಹಾಸಿಗೆ ಸುತ್ತಿಟ್ಟಿತ್ತು. ಇಬ್ಬರೂ ನೆಲದ ಮೇಲೆ ಕೂತರು.

"ಕೊನೇ ವಾರ ದಿನಾ ಕೇಳ್ತಿದ್ಲು," ಅಂದಳು ಅಕ್ಕ. "ಹೇಗಿದ್ದಾಳೆ, ಊಟ ಮಾಡ್ತಾಳಾ, ಒಬ್ಬಳೇ ಇರ್ತಾಳಾ ಅಂತ."

ಅವಳಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. "...ಏನಂತ ಕೇಳಿದ್ಲು?"

"ಹೇಗಿದ್ದಾಳೆ ಅಂತ. ಇದ್ದಾನೆ ಅನ್ಲಿಲ್ಲ. ಎರಡು ಸಲ ನಾನು ತಿದ್ದೋಕೆ ಹೋದೆ. 'ನಿನಗೇನು ಗೊತ್ತು ಸುಮ್ನಿರೇ, ಹೆತ್ತೋಳು ನಾನು' ಅಂದ್ಲು."

ಅವಳು ಮಂಚದ ಕಾಲನ್ನು ತಬ್ಬಿಕೊಂಡು ಅತ್ತಳು. ಇಷ್ಟು ತಿಂಗಳು ಯಾವ ಮುಖ ಸಿದ್ಧವಾಗಲಿ ಅಂತ ಕಾದಿದ್ದಳೋ, ಆ ಮುಖವನ್ನು ಅಮ್ಮ ಕೇಳಿಯೇ ಇರಲಿಲ್ಲ. ಅಕ್ಕನ ಕೈ ಬೆನ್ನಿನ ಮೇಲೆ ಬಂತು, ಅಳುಕುತ್ತಾ.

"ಬರ್ಬೇಡ ಅಂದೋಳು ನಾನು. ಆ ಮನುಷ್ಯನಿಗೆ ಅಮ್ಮ ಸಾಯ್ತಿದ್ದಾಳೆ ಅಂತಲೂ ಹೇಳ್ಲಿಲ್ಲ. ಪರರ ಹತ್ರ ಯಾಕೆ ಅಂತ ಬಿಂಕ." ಅಕ್ಕ ಮೂಗು ಒರೆಸಿಕೊಂಡಳು. "ನಿನ್ನೆ ಫೋನ್ ಮಾಡಿದ್ದ. 'ಅವರು ನಿಮ್ಮಲ್ಲಿಗೆ ಬರ್ತಾರೆ, ತಪ್ಪು ನನ್ನದು, ಅವರಿಗೆ ಏನೂ ಅನ್ಬೇಡಿ' ಅಂದ. ಅಷ್ಟೇ ಹೇಳಿ ಇಟ್ಟ."



ಮೂರು ತಿಂಗಳು ಕಳೆಯಿತು. ಅವಳು ಲೇಸರ್‌ಗೂ ಹೋಗಲಿಲ್ಲ, ಸೂಜಿಗೂ ಹೋಗಲಿಲ್ಲ. ತಲೆಗೆ ಹಚ್ಚುವ ಬಾಟಲಿ ಗೂಡಿನಲ್ಲಿ ಧೂಳು ತಿಂದಿತು. ಕನ್ನಡಕದ ಗಾಜು ಉಜ್ಜುವಾಗ ತನ್ನ ಮುಖ ಕಂಡರೆ ಕಣ್ಣು ತಿರುಗಿಸುತ್ತಿದ್ದಳು. ಅಮ್ಮನಿಗಾಗಿ ಮಾಡಿಸಿಕೊಳ್ಳುತ್ತಿದ್ದದ್ದು. ಇನ್ನು ಯಾರಿಗಾಗಿ?

ಶನಿವಾರಗಳು ಮಾತ್ರ ಕಷ್ಟವಾದವು. ಕಾಲು ಆ ರಸ್ತೆಗೇ ತಿರುಗುತ್ತಿತ್ತು. ತಿರುವಿನವರೆಗೆ ಹೋಗಿ ವಾಪಸ್ಸಾಗುತ್ತಿದ್ದಳು.

ಅಂಥ ಒಂದು ಶನಿವಾರ ವಾಪಸ್ಸಾಗಲಿಲ್ಲ.

ಅವನು ಬಲೆಯ ಮೇಲೆ ಬಗ್ಗಿದ್ದ. ತಲೆ ಎತ್ತಿ ನೋಡಿ, ಸೂಜಿ ಕೆಳಗಿಟ್ಟು ಎದ್ದು ನಿಂತ. ಸೊರಗಿದ್ದ.

"ಒಂದು ಕೇಳೋಕೆ ಬಂದೆ," ಅಂದಳು. "ಆ ಶನಿವಾರ ಯಾಕೆ ಹೇಳ್ಲಿಲ್ಲ? ನನಗೆ ಕೊಟ್ಟ ಮಾತಿಗಾ?"

"ಅಲ್ಲ." ಅವನು ಮೇಜಿನ ಅಂಚು ಹಿಡಿದುಕೊಂಡ. "ಹಾಗಂತ ಹೇಳಿ ತಪ್ಪಿಸ್ಕೋಬಹುದಿತ್ತು. ಮಾತು ಕೊಟ್ಟಿದ್ದು ಬಂದು ಕೇಳಿದವರಿಗೆ ಹೇಳಲ್ಲ ಅಂತ, ನಿಮಗೆ ಹೇಳಲ್ಲ ಅಂತಲ್ಲ. ಅವತ್ತು ನೀವು ನಕ್ಕಿರಿ. ಅಷ್ಟು ದಿನದಲ್ಲಿ ನೀವು ಹಾಗೆ ನಕ್ಕಿದ್ದು ನೋಡಿರ್ಲಿಲ್ಲ. ಮನೆ ಅಂದ್ರೆ ನೀವು ನಡುಗ್ತೀರಿ. ಒಂದು ವಾರ ಇರ್ಲಿ ಈ ನಗು ಅನ್ನಿಸ್ತು. ನಿಮಗೋಸ್ಕರ ಅಂದ್ಕೊಂಡೆ. ಅಲ್ಲ. ನನಗೇ ಬೇಕಾಗಿತ್ತು ಅದು." ಅವನು ಮೇಜಿನಿಂದ ಕೈ ತೆಗೆದ. "ನನಗೆ ನೀವು ಬೇಕಾಗಿದ್ರಿ. ಅದನ್ನ ಹೇಳೋ ಯೋಗ್ಯತೆ ಅವತ್ತೇ ಕಳ್ಕೊಂಡೆ."

ಅವಳು ಅವನನ್ನೇ ನೋಡಿದಳು.

'ನನ್ನ ಈ ಮುಖವನ್ನ ಮೊದಲ ದಿನವೇ ನೋಡಿದವನು. ಗಡ್ಡದ ಸಮೇತ ನೋಡಿದವನು...'

"ಕ್ಷಮಿಸೋಕೆ ಆಗುತ್ತೋ ಇಲ್ವೋ ನನಗೆ ಗೊತ್ತಿಲ್ಲ," ಅಂದಳು ಮೆಲ್ಲಗೆ. "ಕೆಲವು ದಿನ ನಿಮ್ಮ ಮೇಲೆ ಸಿಟ್ಟು ಬರುತ್ತೆ. ಕೆಲವು ದಿನ ಅಕ್ಕನ ಮೇಲೆ. ಜಾಸ್ತಿ ದಿನ ನನ್ನ ಮೇಲೇ."

"ನನ್ನ ಮೇಲೇ ಇಟ್ಕೊಳ್ಳಿ. ನಾನು ತಡ್ಕೋತೀನಿ."

"ಸಿಟ್ಟು ಇಟ್ಕೊಂಡೇ ಇಲ್ಲಿ ಬಂದು ಕೂತ್ರೆ?"

"ಕುರ್ಚಿ ಇದೆ."

ಅವಳು ಕೂತಳು. ಅವನೂ ಕೂತ. ಸೂಜಿ ಎತ್ತಿಕೊಂಡು ಮತ್ತೆ ಗಂಟು ಹಾಕತೊಡಗಿದ. ಕಿಟಕಿಯ ಬೆಳಕು ಮರದ ತಲೆಗಳ ಮೇಲಿಂದ ಇಳಿದು ನೆಲಕ್ಕೆ ಬಂತು.

"ಬುಧವಾರ ಮತ್ತೆ ಸೂಜಿಗೆ ಹೋಗ್ತಿದ್ದೀನಿ," ಅಂದಳು ಕೊನೆಗೆ. "ಈ ಸಲ ಅಮ್ಮನಿಗೆ ತೋರಿಸೋಕಲ್ಲ. ನನಗೇ ಬೇಕು. ಮೂರು ಗಂಟೆ ಹಿಡಿಯುತ್ತೆ." ಕಣ್ಣೆತ್ತಿ ಅವನನ್ನು ನೋಡಿದಳು. "ಹೊರಗೆ ಕೂತಿರ್ತೀಯಾ?"

ಆ ಏಕವಚನ ಕೇಳಿ ಅವನು ಸೂಜಿ ಕೆಳಗಿಟ್ಟ.

"ನೀನು ಒಳಗೆ ಕರೆದ್ರೆ ಒಳಗೇ ಕೂರ್ತೀನಿ."

"ನೋವಿಗೆ ಅಳ್ತೀನಿ ನಾನು."

"ಅಳು. ಕೈ ಹಿಡ್ಕೊಂಡಿರ್ತೀನಿ."